ಕಿತ್ತಳೆ ಸಿಪ್ಪೆ

ಆಗ ನಮ್ಮ ಮನೆಯಲ್ಲಿ ಒಲೆಯಿತ್ತು, ಒವನ್ ಇರಲಿಲ್ಲ.
ಜೆಪ್ಪುವಿನ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ.
ಡಿಸೆಂಬರ್ ಇಪ್ಪತ್ತೆರಡರ ಸಂಜೆ
ಹಿಟ್ಟು ತುಂಬಿದ ಡಬ್ಬವನ್ನು ಹೊಟ್ಟೆಗೆ ಆತುಕೊಂಡು
ಇಳಿಜಾರಿನಲ್ಲಿ ನಾನು, ಪಾವ್ಲು,
ಹಿಂದೆ ಟಾರ್ಚು ಹಿಡಿದ ಅಪ್ಪ,
ಸಂತಾನ್ ಪೊರ್ಬುಗಳ ಬೇಕರಿಗೆ.

ಸಾಲು ಅಲ್ಲಿ ಸೀಮೆಎಣ್ಣೆಯ ಸಾಲಿಗಿಂತ ಉದ್ದ.
ಬಿಸ್ಕೆಟ್ ಡಬ್ಬ, ಹಾಲಿನಪುಡಿ ಡಬ್ಬ,
ಹೆಂಚಿನ ಕಾರ್ಖಾನೆಯ ತಗಡಿನಲ್ಲಿ ಯಾರೋ ಬಡಿಸಿ ತಂದ ಚೌಕ ಟ್ರೇ.
ಪೊರ್ಬುಗಳು ಸುಣ್ಣದಲ್ಲಿ ನಂಬರು ಬರೆಯುವರು.
ನಮ್ಮದು 17.

ಏಳರ ತಲೆಯ ಮೇಲೊಂದು ಅಡ್ಡಗೀಟು,
ಅಷ್ಟೇ ತಾನೆ.
ಮಸಿ ತಾಗಿತೋ, ಹುಡುಗನ ಬೆವರು ತಾಗಿತೋ,
ಮನೆಗೆ ಬಂದದ್ದು ಅದೇ ಅಳತೆಯ, ಅದೇ ಬಣ್ಣದ
ಇನ್ಯಾರದೋ ಕೇಕು.

ನಡುರಾತ್ರಿಯ ಪೂಜೆ ಮುಗಿಸಿ,
ಬಾರದ ಚಳಿಗೆ ಸ್ವೆಟರ್ ತೊಟ್ಟು ಬೆವರಿ,
ಗೋದಲಿಯ ಮುಂದೆ ಕೂತೆವು.
ಗೆರಟೆಯಲ್ಲಿ ನಾನು ಬಿತ್ತಿದ ರಾಗಿ
ಆ ಸಲ ಕುರಿಗಳನ್ನು ಮೀರಿ ಬೆಳೆದಿತ್ತು;
ಒಂದು ಕುರಿ ಎಪಿಫನಿವರೆಗೂ ಸಿಗಲಿಲ್ಲ.
ಅಮ್ಮ ಕತ್ತರಿಸಿದಳು. ಬಾಯಿಗಿಟ್ಟಳು. ನಿಂತಳು.

'ಇದು ನಮ್ಮದಲ್ಲ.'

ಕೇಕು ಕೇಕೇ ಅಲ್ಲವಾ, ಅಂದ ಅಪ್ಪ.
ಮಾಂಯ್ ಹಲ್ಲಿಲ್ಲದ ಬಾಯಲ್ಲಿ ಚೀಪಿ ಚೀಪಿ
ತೀರ್ಪು ಕೊಟ್ಟಳು: ಕಿತ್ತಳೆ ಸಿಪ್ಪೆ. ಉಳ್ಳವರ ಮನೆಯದ್ದು.
ಪಾವ್ಲು ಎರಡನೇ ತುಂಡಿನಲ್ಲಿದ್ದ.
ಅಮ್ಮ ಮಾತ್ರ ಕಿಟಕಿಯಾಚೆ ನೋಡುತ್ತಿದ್ದಳು,
ಎಂಟು ಮೊಟ್ಟೆ, ಕಾಲು ಸೇರು ಒಣದ್ರಾಕ್ಷಿ,
ಮತ್ತು ಸೀದ ಸಕ್ಕರೆ ಪಾಕ.
ಸೀಯಿಸಿದ್ದು ನಾನು.
ನೋಡಿಕೋ ಅಂತ ಒಲೆಯೆದುರು ಕೂರಿಸಿ ಹೋದರೆ
ನಾನು ಎದುರುಮನೆಯ ಕಾಗದದ ನಕ್ಷತ್ರ ನೋಡುತ್ತಿದ್ದೆ.
ಕೇಕು ಹೋಯಿತೆಂಬ ದುಃಖವಲ್ಲ ಅವಳದು,
ಮನೆಯ ಕಹಿ ಹೊರಗೆ ಹೋಯಿತೆಂಬ ನಾಚಿಕೆ.

ಬೆಳಿಗ್ಗೆ ಕುಸ್ವಾರ್ ತಟ್ಟೆಗಳು ಹೊರಟವು.
ನೆವ್ರಿ, ಹೊಸ ಬಾಚಣಿಗೆಯ ಮೇಲೆ ಸುರುಳಿ ಸುತ್ತಿದ ಕಿಡಿಯೊ,
ಹಲ್ಲು ಮುರಿಯುವ ಗುಳಿಯೊ,
ನಡುವೆ ಪರರ ಕೇಕು.
ಸರಸೋತಕ್ಕ ಖಾಲಿ ತಟ್ಟೆಗೆ ಸಕ್ಕರೆ ಹಾಕಿ ಹಿಂದೆ ಕೊಡುತ್ತ
'ಈ ಸಲ ಒಳ್ಳೆ ಪರಿಮಳ ಉಂಟು ಮಾರಾಯ್ತಿ' ಅಂದರು.
ಅಮ್ಮ ನಕ್ಕಳು.
ಆ ನಗುವನ್ನು ನಾನು ಆಮೇಲೆ
ಎಷ್ಟೋ ಕಡೆ ನಕ್ಕಿದ್ದೇನೆ.

ಮುಂದಿನ ಡಿಸೆಂಬರಿನಲ್ಲಿ
ಸಂತೆಚೀಲದಿಂದ ಎರಡು ಕಿತ್ತಳೆ ಹೊರಬಂದವು.
ಹಣ್ಣು ನಮಗೆ ಕೊಟ್ಟಳು.
ಸಿಪ್ಪೆ ಬಚ್ಚಿಟ್ಟಳು.
ಯಾರೂ ಏನೂ ಕೇಳಲಿಲ್ಲ.

ಮೊನ್ನೆ ಪಾವ್ಲುವಿನ ಸೊಸೆ ಫೋನು ಮಾಡಿದ್ದಳು.
ನಮ್ಮ ಮನೆಯ ಕೇಕು ಹೇಳಿಕೊಡಿ ಮಾವ್ಶಿ, ಹಳೆಯದ್ದು.
ಹೇಳಿದೆ: ಸಿಪ್ಪೆಯ ಬಿಳಿ ಕೆರೆದು ತೆಗಿ,
ಕೂದಲೆಳೆಯಂತೆ ಹೆಚ್ಚು, ಒಂದು ರಾತ್ರಿ ನೆನೆಹಾಕು,
ಅದಿಲ್ಲದಿದ್ದರೆ ನಮ್ಮ ಮನೆಯ ಕೇಕೇ ಅಲ್ಲ.
'ತಲೆತಲಾಂತರದ್ದಾ?'
ಹೌದು ಅಂದೆ.
ಯಾರ ತಲೆ ಎಂದು ಅವಳು ಕೇಳಲಿಲ್ಲ.

ಬೇಕರಿಯಿದ್ದಲ್ಲಿ ಈಗ ಮೊಬೈಲ್ ರಿಪೇರಿ.
ಸಂತಾನ್ ಪೊರ್ಬುಗಳು ನಂಬರಿಲ್ಲದ ಸಾಲಿನಲ್ಲಿ ಮಲಗಿದ್ದಾರೆ.

ಹೋದ ವರ್ಷ ವೆಲೆನ್ಸಿಯಾದಲ್ಲಿ ಒಂದು ರೋಸಿನ ಮನೆ.
ಹೆಣ್ಣಿನ ಕಡೆಯವರನ್ನು ನನಗೆ ಸರಿಯಾಗಿ ಗೊತ್ತಿಲ್ಲ.
ತಟ್ಟೆಯಲ್ಲಿ ಕೇಕು ಬಂತು, ತಿಂದೆ,
ನಾಲಿಗೆಯ ಹಿಂಬದಿಗೆ ಒಂದು ಸಣ್ಣ ಕಹಿ.
ಪಕ್ಕದ ಮುದುಕಿ ಮೊಮ್ಮಗಳಿಗೆ ಗದರುತ್ತಿದ್ದಳು:
ಪಾಕ ಇನ್ನೂ ಸ್ವಲ್ಪ ಸೀಯಬೇಕಿತ್ತು,
ನಮ್ಮ ಮನೆಯ ರುಚಿ ಬರಲಿಲ್ಲ.

ಕೇಳಬೇಕೆಂದು ತಿರುಗಿದೆ.
ಅಷ್ಟರಲ್ಲಿ ಯಾರೋ ಕೈಹಿಡಿದು ಎಬ್ಬಿಸಿದರು,
ಬನ್ನಿ, ನೀವೂ ಹುಡುಗಿಗೆ ತೆಂಗಿನ ಹಾಲು ಹಚ್ಚಿ.
ಬಟ್ಟಲಲ್ಲಿ ಕೈ ಅದ್ದಿದೆ,
ಬಾಯಲ್ಲಿನ್ನೂ ಅರ್ಧ ತುಂಡು.